ಓಟ್ ರೂಟ್‌ಗೆ ಸ್ಕೀ ಹೊತ್ತು ಹೊರಡುವವರಿಗೆ

ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ವರೆಗೆ ಹಿಮನದಿಗಳನ್ನು ದಾಟುತ್ತ ಸಾಗುವ ಈ ದಾರಿಗೆ ಹೊರಟವರು ಮೊದಲು ಕೇಳುವುದು ಬಟ್ಟೆಯ ಬಗ್ಗೆ. ಬಟ್ಟೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ರಾತ್ರಿ ತಂಗುವ ಹಟ್‌ಗಳಲ್ಲಿ ಊಟ, ಹೊದಿಕೆ, ಒಳಗೆ ಮೆಟ್ಟಲು ಚಪ್ಪಲಿ ಕೂಡ ಸಿಗುತ್ತವೆ. ಹೊದಿಕೆಯೊಳಗೆ ನುಸುಳಿ ಮಲಗುವ ತೆಳು ರೇಷ್ಮೆಯ ಚೀಲ (ಲೈನರ್) ಒಯ್ದರೆ ಮಲಗುವ ಚಿಂತೆ ಮುಗಿಯಿತು. ಮೈಮೇಲಿನದ್ದು ಬಿಟ್ಟು ಒಂದು ಜೊತೆ ಒಳಉಡುಪು, ಕಾಲುಚೀಲ, ಡೌನ್ ಜಾಕೆಟ್, ಹೆಚ್ಚುವರಿ ಕೈಗವಸು. 35–40 ಲೀಟರಿನ ಬ್ಯಾಗ್ ಸಾಕು.

ಹೀಗೆ ಉಳಿಸಿದ ತೂಕವೆಲ್ಲ ಜೀವ ಕಾಯುವ ಸಾಮಾನಿಗೆ ಮೀಸಲು. ಟ್ರಾನ್ಸೀವರ್, ಅಂದರೆ ಹಿಮದಡಿ ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ, ಇರಬೇಕಾದ್ದು ಮೈಮೇಲೆ, ಬ್ಯಾಗಿನಲ್ಲಲ್ಲ. ಮೊಬೈಲ್ ಅದರಿಂದ ಕನಿಷ್ಠ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಲಿ. ಹಿಮಕುಸಿತದಲ್ಲಿ ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಕಳೆದಂತೆ ಸರ್ರನೆ ಇಳಿಯುತ್ತದೆ. ಹಾಗಾಗಿ ಸಲಿಕೆ, ಪ್ರೋಬ್ (ಹಿಮದೊಳಗೆ ಚುಚ್ಚಿ ಹೂತವರನ್ನು ಹುಡುಕುವ ಮಡಚುವ ಕೋಲು) ಎರಡೂ ಪ್ರತ್ಯೇಕ ಜೇಬಿನಲ್ಲಿರಲಿ. ಅವುಗಳ ಮೇಲೆ ಬೇರೇನನ್ನೂ ತುರುಕಬೇಡಿ. ತಂಡಕ್ಕೊಂದು ಸಲಿಕೆ ಸಾಕೆಂಬ ಮಾತಿಗೆ ಒಪ್ಪಲೇಬೇಡಿ, ಅದನ್ನು ಹೊತ್ತವರೇ ಹೂತುಹೋಗಬಹುದು. ಹಗ್ಗ ಕಟ್ಟಿಕೊಳ್ಳಲು ಸೊಂಟ, ತೊಡೆಗೆ ಬಿಗಿಯುವ ಹಾರ್ನೆಸ್ ಅನ್ನು ಬೆಳಿಗ್ಗೆ ಹಟ್‌ನಲ್ಲೇ ತೊಟ್ಟುಕೊಂಡು ಹೊರಡಿ.

ಇನ್ನು ಸ್ಕಿನ್, ಅಂದರೆ ಏರು ಹತ್ತುವಾಗ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ. ವಿನ್ಯೆಟ್ ಹಟ್‌ನಿಂದ ಝೆರ್ಮಾಟ್‌ಗೆ ಹೋಗುವ ಕೊನೆಯ ದಿನ ಎವೆಕ್, ಮೋಂ ಬ್ರೂಲೆ, ವಾಲ್ಪೆಲಿನ್ ಎಂಬ ಮೂರು ಪಾಸ್‌ಗಳು (ಬೆಟ್ಟದ ಕಣಿವೆದಾರಿಗಳು) ಎದುರಾಗುತ್ತವೆ. ಏರು ಬಂದಾಗ ಅಂಟಿಸು, ಇಳಿಜಾರು ಬಂದಾಗ ಕಿತ್ತು ಮಡಚು. ಗಾಳಿಗೆ ಪಟಪಟ ಬಡಿಯುವ ಪಟ್ಟಿಯ ಅಂಟಿಗೆ ಹಿಮದ ಪುಡಿ ಮೆತ್ತಿಕೊಂಡರೆ ಮತ್ತೆ ಹಿಡಿಯುವುದೇ ಇಲ್ಲ. ನಾವು ಹೋದಾಗ ಗಾಳಿಗೆ ಬೆನ್ನು ಹಾಕಿ ಅಂಟಿಗೆ ಅಂಟು ಸೇರಿಸಿ ಮಡಚಿ, ಇಳಿಯುವಾಗ ಜಾಕೆಟ್ಟಿನೊಳಗೆ ಎದೆಗೆ ಆನಿಸಿ ಇಟ್ಟುಕೊಂಡೆವು. ಮೈಯ ಬಿಸಿಗೆ ಅಂಟು ಮೆತ್ತಗೇ ಉಳಿದಿತ್ತು. ಅಂಟು ಪೂರ್ತಿ ಸೋತರೆ ಸ್ಕೀಗೆ ಸುತ್ತಿ ಬಿಗಿಯಲು ಒಂದೆರಡು ರಬ್ಬರ್ ಸ್ಟ್ರಾಪ್ ಇರಲಿ. ಮುರಿದ ಸ್ಕೀ ಕೋಲಿಗೂ ಅವೇ ಗತಿ.

ಮೋಂ ಬ್ರೂಲೆಯ ಏರು ಕಡಿದು. ಬೆಳಿಗ್ಗೆ ಹಿಮ ಗಟ್ಟಿಯಿದ್ದರೆ ಸ್ಕೀಯನ್ನು ಬ್ಯಾಗಿಗೆ ಕಟ್ಟಿ, ಬೂಟಿಗೆ ಕ್ರ್ಯಾಂಪಾನ್ (ಮಂಜುಗಡ್ಡೆಗೆ ಕಚ್ಚಿ ಹಿಡಿಯುವ ಲೋಹದ ಹಲ್ಲುಗಳ ಚೌಕಟ್ಟು) ಹಾಕಿ ಹತ್ತುವುದೇ ಸರಿ. ಕೈಗವಸು ಕಳಚದೆ ಸ್ಕೀ ಕಟ್ಟುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಕ್ರ್ಯಾಂಪಾನನ್ನೂ ನಿಮ್ಮ ಬೂಟಿಗೆ ಅಳತೆ ಹೊಂದಿಸಿಯೇ ಒಯ್ಯಿರಿ.

ಬ್ಯಾಗಿನ ನೀರಿನ ಚೀಲದಿಂದ ಹೀರುವ ಕೊಳವೆ ಹೆಪ್ಪುಗಟ್ಟುತ್ತದೆ, ಬಾಟಲಿಯೇ ವಾಸಿ. ಸ್ಕೀ ಬಾಡಿಗೆಗೆ ತಂದರೂ ನಡೆಯುತ್ತದೆ. ಬೂಟು ಮಾತ್ರ ನಿಮ್ಮ ಕಾಲಿಗೆ ಪಳಗಿದ್ದೇ ಆಗಿರಲಿ, ಬಾಡಿಗೆ ಸ್ಕೀಯಲ್ಲಿ ಬೂಟನ್ನು ಹಿಡಿದಿಡುವ ಬೈಂಡಿಂಗ್‌ಗೆ ಅದು ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ.