ಅರ್ಧ ಮಾಂಸ ಮುಳ್ಳಿನಲ್ಲೇ ಉಳಿಯುವುದೇಕೆ?

"ನಾನು ಮುಳ್ಳಿನಿಂದ ಮಾಂಸ ಬಿಡಿಸಿ ಫಿಲೆ ತೆಗೆದರೆ ಅರ್ಧ ಮೀನು ಮುಳ್ಳಿಗೇ ಅಂಟಿಕೊಂಡಿರುತ್ತದೆ. ನಿಮ್ಮದು ಮಾತ್ರ ಹೇಗೆ ಅಷ್ಟು ದಪ್ಪಗೆ ಬರುತ್ತದೆ?" ಉಡುಪಿ ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಕೇಳುವವರ ಮನೆಯಲ್ಲಿ ಮುಳ್ಳೆಂದರೆ ಮುಖ ತಿರುಗಿಸುವ ಮಗುವೊಂದು ಇದ್ದೇ ಇರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಮೀನಿಗೂ ಫಿಲೆ ಒಪ್ಪುವುದಿಲ್ಲ. ಬೂತಾಯಿಯಂಥ ಪುಟ್ಟ ಮೀನಿನ ಫಿಲೆ ತೆಗೆಯಲು ಹೊರಟವರ ತಾಳ್ಮೆಗೆ ದೂರದಿಂದಲೇ ಕೈಮುಗಿಯುತ್ತೇನೆ. ಅಂಜಲನ್ನು ಅಡ್ಡಕ್ಕೆ ತುಂಡು ಮಾಡಿ ಹುರಿಯುವುದೇ ಲೇಸು. ಕಲಿಯುವವರು ಒಂದೂವರೆ ಕಿಲೋದ ಆಸುಪಾಸಿನ ಕೆಂಬೇರಿ (ರೆಡ್ ಸ್ನ್ಯಾಪರ್) ತನ್ನಿ. ಅದರ ಮಾಂಸ ಗಟ್ಟಿ, ಮುಳ್ಳು ದಪ್ಪ, ಎಲ್ಲಿದೆಯೆಂದು ಕೈಗೆ ತಿಳಿಯುತ್ತದೆ.

ನನ್ನ ಎಡಗೈ ತೋರುಬೆರಳಿನಲ್ಲಿ ಎರಡು ಹೊಲಿಗೆಯ ಗುರುತಿದೆ. ಅದು ಮೊಂಡು ಚಾಕುವಿನ ಕೊಡುಗೆ. ಹರಿತವಿಲ್ಲದ ಅಲಗನ್ನು ಒತ್ತಿ ಒತ್ತಿ ನೂಕಿದೆ, ಮೀನು ಜಾರಿತು, ಚಾಕು ಬೆರಳಿಗೆ ಬಂತು. ಅಂದಿನಿಂದ ಮೊದಲು ಚಾಕು ಮಸೆಯುತ್ತೇನೆ, ಹಲಗೆಯ ಅಡಿಗೆ ಒದ್ದೆ ಬಟ್ಟೆ ಹಾಸುತ್ತೇನೆ, ಮೀನನ್ನೂ ಕೈಯನ್ನೂ ಒರೆಸಿಕೊಳ್ಳುತ್ತೇನೆ. ಕೆಂಬೇರಿಯ ಬೆನ್ನಿನ ರೆಕ್ಕೆ ಸೂಜಿಯ ಸಾಲು. ಅದನ್ನು ಕತ್ತರಿಯಿಂದ ಕತ್ತರಿಸಿಯೇ ಮುಂದಿನ ಕೆಲಸ. ಮೀನನ್ನು ಐಸ್‌ನಿಂದ ಆಗತಾನೆ ತೆಗೆದಿರಬೇಕು. ಬಿಸುಪು ಏರಿದಂತೆ ಮಾಂಸ ಮೆತ್ತಗಾಗಿ ಹರಿಯುತ್ತದೆ.

ಈಗ ಪ್ರಶ್ನೆಗೆ ಬರೋಣ. ಮಾಂಸ ನಷ್ಟವಾಗುವ ಮೊದಲ ಜಾಗ ಹೆಗಲು. ಕಿವಿರಿನ ಹಿಂದೆ ನೇರವಾಗಿ ಕೊಯ್ದರೆ ನೆತ್ತಿಯ ಹಿಂದಿನ ದಪ್ಪ ಮಾಂಸ ತಲೆಯ ಪಾಲಾಗುತ್ತದೆ. ಚಾಕುವನ್ನು ತಲೆಯ ಕಡೆಗೆ ಓರೆಮಾಡಿ ಕೊಯ್ಯಿರಿ. ಆಮೇಲೆ ಬೆನ್ನಿನುದ್ದಕ್ಕೂ ತಲೆಯಿಂದ ಬಾಲದವರೆಗೆ ಬೆರಳಿನ ಅಗಲದಷ್ಟು ಆಳದ ಗೆರೆ ಎಳೆಯಿರಿ. ಮೀನು ತಿರುಗಿಸಿ ಆ ಬದಿಯ ಬೆನ್ನಿಗೂ ಇದೇ ಗೆರೆ. ಒಂದು ಬದಿ ಪೂರ್ತಿ ಬಿಡಿಸಿದ ಮೇಲೆ ಇನ್ನೊಂದು ಬದಿಗೆ ಆಧಾರ ಹೋಗಿ, ಮೀನು ಹಲಗೆಯ ಮೇಲೆ ಚಪ್ಪಟೆಯಾಗಿ ಬಿದ್ದುಬಿಡುತ್ತದೆ. ಎರಡನೆಯ ಫಿಲೆ ಯಾವಾಗಲೂ ತೆಳ್ಳಗೆ ಬರುವುದು ಇದಕ್ಕೇ.

ಗೆರೆಯೊಳಗೆ ಹೆಬ್ಬೆರಳು ತೂರಿಸಿ ಮಾಂಸವನ್ನು ಮೆಲ್ಲಗೆ ಮೇಲೆತ್ತಿ. ಅಲಗು ಮುಳ್ಳಿನ ಮೇಲೆ ಒರಗಿಕೊಂಡೇ ಸಾಗಬೇಕು. ಸಾಗುವಾಗ ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಟಿರ್‍ರ್ ಎಂದು ಸದ್ದಾಗುತ್ತದೆ. ಸದ್ದು ನಿಂತಿತೆಂದರೆ ಚಾಕು ಮಾಂಸದೊಳಗೆ ಹೊಕ್ಕಿದೆ, ನಷ್ಟ ಶುರುವಾಗಿದೆ. ಗರಗಸದಂತೆ ಹಿಂದೆ ಮುಂದೆ ಆಡಿಸದೆ ಉದ್ದುದ್ದ ಎಳೆಯಿರಿ. ನಡುಮೂಳೆ ಎದುರಾದರೆ ಅದರ ದಿಬ್ಬ ಹತ್ತಿ ಇಳಿದು, ಹೊಟ್ಟೆಯ ಮುಳ್ಳುಗಳ ಮೇಲೆ ಅದೇ ರೀತಿ ಜಾರಿಸಿದರಾಯಿತು. ಫಿಲೆಯ ನಡುವೆ ಉಳಿಯುವ ಸಣ್ಣ ಮುಳ್ಳುಗಳನ್ನು ಬೆರಳಾಡಿಸಿ ಹುಡುಕಿ, ಚಿಮಟದಿಂದ ತಲೆಯಿದ್ದ ದಿಕ್ಕಿಗೆ ಎಳೆಯಿರಿ. ನೇರ ಮೇಲಕ್ಕೆಳೆದರೆ ಮಾಂಸವೂ ಕಿತ್ತುಬರುತ್ತದೆ.

ಚರ್ಮ ಬಿಡಿಸುವಾಗ ದೊಡ್ಡಮ್ಮನ ಈಳಿಗೆಮಣೆ ನೆನಪಾಗುತ್ತದೆ. ಅಲ್ಲಿ ಅಲಗು ಅಲುಗುತ್ತಿರಲಿಲ್ಲ, ಮೀನೇ ಅದರತ್ತ ಹೋಗುತ್ತಿತ್ತು. ಇಲ್ಲಿಯೂ ಹಾಗೆಯೇ. ಬಾಲದ ತುದಿಯ ಚರ್ಮವನ್ನು ಉಪ್ಪು ಮೆತ್ತಿದ ಬೆರಳಿನಿಂದ ಬಿಗಿಹಿಡಿದು, ಚಾಕುವನ್ನು ಬಹುಮಟ್ಟಿಗೆ ಮಲಗಿಸಿ ಹಿಡಿದು, ಚರ್ಮವನ್ನೇ ಅತ್ತಿತ್ತ ಆಡಿಸುತ್ತ ನಿಮ್ಮ ಕಡೆಗೆ ಎಳೆದುಕೊಳ್ಳಿ. ಕೆಂಬೇರಿಯನ್ನು ಹುರಿಯುವುದಾದರೆ ನಾನು ಚರ್ಮ ತೆಗೆಯುವುದಿಲ್ಲ, ಅದು ಗರಿಗರಿಯಾಗುತ್ತದೆ.

ಕಳೆದ ಭಾನುವಾರ ಕುತೂಹಲಕ್ಕೆ ತೂಗಿ ನೋಡಿದೆ. 1400 ಗ್ರಾಂ ಮೀನಿನಿಂದ ಎರಡು ಫಿಲೆ ಸೇರಿ 580 ಗ್ರಾಂ ಬಂತು. ಇಷ್ಟೇನಾ ಎಂದು ಗಾಬರಿಯಾಗಬೇಡಿ. ಇಂಥ ಮೀನಿನ ತಲೆ, ಮುಳ್ಳು, ಕರುಳಿಗೇ ಅರ್ಧಕ್ಕಿಂತ ಹೆಚ್ಚು ತೂಕ ಹೋಗುತ್ತದೆ. ಮುಳ್ಳಿನ ಸಂದಿಯನ್ನು ಚಮಚದಿಂದ ಕೆರೆದಾಗ ಇನ್ನೂ 70 ಗ್ರಾಂ ಸಿಕ್ಕಿತು, ಮಗಳಿಗೆ ಕಟ್ಲೆಟ್ ಆಯಿತು. ನಡುಮೂಳೆ ಸಾರಿಗೆ. ತಲೆಯ ಗಸಿ ಮಾತ್ರ ನನ್ನದು, ಅದರಲ್ಲಿ ಪಾಲು ಕೇಳುವಂತಿಲ್ಲ.