ಓ ಪಾಸಿಟಿವ್ ಇದ್ರ ಡೆಂಗೀ ಬರೂದಿಲ್ಲಂತ, ಹೌದೇನ್ರಿ?

ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ನನಗೆ ಜೂನ್ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಶಾಲೆಯ ಐಡಿ ಕಾರ್ಡಿಗೆ ಬ್ಲಡ್ ಗ್ರೂಪ್ ಬೇಕು. ಮಳೆಯೂ ಅದೇ ಹೊತ್ತಿಗೆ ಶುರು. ಮಗುವಿನ ಬೆರಳಿಗೆ ಸೂಜಿ ತಾಗಿಸುವಾಗಲೇ ತಾಯಂದಿರು ಕೇಳುತ್ತಾರೆ, "ಓ ಬಂದ್ರ ಚಲೋ ಅಲ್ರೀ? ಅವರಿಗೆ ಜಡ್ಡು ಜಾಸ್ತಿ ಹತ್ತೂದಿಲ್ಲಂತ."

ಗ್ರೂಪಿಗೂ ಸೋಂಕಿಗೂ ಸಂಬಂಧ ಇರುವುದು ನಿಜ. ಆದರೆ ವಾಟ್ಸಾಪ್ ಹೇಳುವಷ್ಟು ಇಲ್ಲ. ನಮ್ಮ ರಾಜ್ಯದಲ್ಲಿ ಓ ಗ್ರೂಪಿನವರೇ ಜಾಸ್ತಿ. ಅವರಿಗೆ ರೋಗವೇ ಬರದಿದ್ದರೆ ಮಳೆಗಾಲದಲ್ಲಿ ವಾರ್ಡುಗಳು ಹೀಗೆ ತುಂಬುತ್ತಿದ್ದವಾ?

ನಾವು ಮಾಡುವ ಪರೀಕ್ಷೆ ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಗಾಜಿನ ಸ್ಲೈಡ್ ಮೇಲೆ ಮೂರು ಹನಿ ರಕ್ತ. ಒಂದಕ್ಕೆ ನೀಲಿ ದ್ರಾವಣ, ಇನ್ನೊಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಿಂದ ಕಲಸಿ ಸ್ಲೈಡನ್ನು ಮೆಲ್ಲಗೆ ಆಡಿಸುತ್ತೇವೆ. ನೀಲಿ ಹಾಕಿದ ಹನಿ ಒಡೆದ ಹಾಲಿನ ಹಾಗೆ ಗಂಟುಗಂಟಾದರೆ ಎ, ಹಳದಿಯದ್ದಾದರೆ ಬಿ, ಎರಡೂ ಆದರೆ ಎಬಿ. ಎರಡೂ ಸುಮ್ನೆ ಇದ್ದರೆ ಓ. ಪಾಸಿಟಿವ್, ನೆಗೆಟಿವ್ ಹೇಳುವುದು ಮೂರನೆಯ ಹನಿ. ಎ, ಬಿ ಅಂದರೆ ಕೆಂಪು ಕಣದ ಮೇಲ್ಮೈಯಲ್ಲಿರುವ ಎರಡು ಬಗೆಯ ಸಕ್ಕರೆ. ಓ ರಕ್ತದಲ್ಲಿ ಆ ಎರಡೂ ಇಲ್ಲ.

ಮಲೇರಿಯಾ ವಿಕೋಪಕ್ಕೆ ಹೋಗಲು ಈ ಸಕ್ಕರೆ ನೆರವಾಗುತ್ತದೆ. ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾದ ರೋಗಾಣು ಹೊಕ್ಕ ಕಣ ಅಕ್ಕಪಕ್ಕದ ಒಳ್ಳೆಯ ಕಣಗಳಿಗೆ ಅಂಟಿಕೊಂಡು ಸಣ್ಣ ರಕ್ತನಾಳಗಳನ್ನು ಕಟ್ಟಿಬಿಡುತ್ತದೆ. ಮಿದುಳಿನಲ್ಲಿ ಹೀಗಾದರೆ ಜೀವಕ್ಕೇ ಕುತ್ತು. ಓ ರಕ್ತದಲ್ಲಿ ಈ ಅಂಟು ಸಡಿಲ. ಹಾಗಾಗಿ ಓ ಇದ್ದವರಿಗೆ ಮಲೇರಿಯಾ ಬಂದರೂ ವಿಕೋಪಕ್ಕೆ ಹೋಗುವುದು ಕಡಿಮೆ.

ಓ ಗ್ರೂಪಿನವರು ಇಷ್ಟು ಕೇಳಿ ಎದ್ದು ಹೋಗಬಾರದು. ಕಾಲರಾ ವಿಷಯದಲ್ಲಿ ಲೆಕ್ಕ ತಿರುವುಮುರುವು. ಸೋಂಕು ಎಲ್ಲರಿಗೂ ತಗಲಬಹುದು, ಆದರೆ ಭೇದಿ ಜೋರಾಗಿ ಮೈಯಲ್ಲಿನ ನೀರೆಲ್ಲ ಹೋಗುವುದು ಓ ಇದ್ದವರಿಗೇ ಜಾಸ್ತಿ. ಕಾಲರಾದ ತವರಾದ ಬಂಗಾಳದ ಕಡೆ ಓ ಗ್ರೂಪಿನವರು ಕಡಿಮೆ ಇರುವುದಕ್ಕೆ ತಲೆಮಾರುಗಳ ಕಾಲ ಈ ರೋಗ ಕಾಡಿದ್ದೇ ಕಾರಣ ಇರಬಹುದು ಎಂದು ಸಂಶೋಧಕರು ಊಹಿಸುತ್ತಾರೆ.

ಕೋವಿಡ್? 2020ರಲ್ಲಿ ಇಟಲಿ, ಸ್ಪೇನ್ ರೋಗಿಗಳ ಅಧ್ಯಯನದಲ್ಲಿ ಎ ಇದ್ದವರಿಗೆ ಸ್ವಲ್ಪ ಜಾಸ್ತಿ ಅಪಾಯ, ಓ ಇದ್ದವರಿಗೆ ಸ್ವಲ್ಪ ಕಡಿಮೆ ಎಂದು ಕಂಡಿತು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಅದೂ ಕಾಣಲಿಲ್ಲ. ವಯಸ್ಸು, ಶುಗರ್ ಮುಂದೆ ಗ್ರೂಪ್ ಯಾವ ಲೆಕ್ಕವೂ ಅಲ್ಲ.

ನನ್ನನ್ನು ಕೇಳಿದರೆ, ಹುಬ್ಬಳ್ಳಿ-ಧಾರವಾಡದಲ್ಲಿ ರಕ್ತಕ್ಕಿಂತ ನಲ್ಲಿಯ ಬಗ್ಗೆ ಕೇಳುವುದು ಒಳ್ಳೆಯದು. ನಮ್ಮಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂದರೆ ಉಳಿದ ಕಡೆ ಹಲವು ದಿನಕ್ಕೊಮ್ಮೆ. ಇವೆರಡನ್ನೂ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ದಿನವಿಡೀ ನೀರಿರುವ ಕಡೆ, ಟೈಫಾಯ್ಡ್ ಬಂದಿತ್ತು ಎಂದು ಹೇಳಿದ ಮನೆಗಳು ಶೇ. 42ರಷ್ಟು ಕಡಿಮೆ. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಅಂಥ ವ್ಯತ್ಯಾಸ ಸಿಗಲಿಲ್ಲ. ಬಡವರ ಮನೆಗಳಲ್ಲಿ ರಕ್ತಭೇದಿ ಇಳಿದಿತ್ತು.

ಇನ್ನು ಡೆಂಗೀ. ಗ್ರೂಪಿನ ಬಗ್ಗೆ ಒಂದೊಂದು ಅಧ್ಯಯನ ಒಂದೊಂದು ಹೇಳುತ್ತದೆ, ಅದನ್ನು ನಂಬಿ ಕೂರುವಂತಿಲ್ಲ. ಸೊಳ್ಳೆ ನಮ್ಮನ್ನು ಹುಡುಕುವುದು ಉಸಿರಿನ ಗಾಳಿ, ಮೈಶಾಖ, ಚರ್ಮದ ವಾಸನೆ ಹಿಡಿದು. ಡೆಂಗೀ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು 8-10 ದಿನ ಸಾಕು. ನಮ್ಮ ಎಷ್ಟೋ ಓಣಿಗಳಲ್ಲಿ ನೀರಿನ ಪಾಳಿಯೂ ಹೆಚ್ಚುಕಡಿಮೆ ಅಷ್ಟೇ! ಅಲ್ಲಿಯವರೆಗೆ ಬ್ಯಾರಲ್ಲಿನಲ್ಲಿ ತಿಳಿನೀರು ನಿಂತೇ ಇರುತ್ತದೆ. ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲಿ ತುಂಬಿಸಿದರೆ ಸಾಲದು. ಮೊಟ್ಟೆಗಳು ನೀರಿನ ಅಂಚಿಗಿಂತ ತುಸು ಮೇಲೆ, ಒಳಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಒಳಗೆ ಕೈಹಾಕಿ ನಾರಿನಿಂದ ಗಸಗಸ ತಿಕ್ಕಿ, ತೊಳೆದು, ಆಮೇಲೆ ತುಂಬಿಸಿ ಮುಚ್ಚಿಡಿ.