ಎಲೆ ಕರ್ರಗಾದರೆ ಗೆಡ್ಡೆ ದಪ್ಪಗಾಗುತ್ತಾ?

"ಔಷಧಿ ಹೊಡೆದ್ಮೇಲೆ ನೋಡವ್ವ, ಎಲೆ ಹೆಂಗೆ ಕರ್ರಗೆ ಬಂದೈತೆ!" ಹಾಸನದ ಹತ್ತಿರದ ನಮ್ಮೂರಿನಲ್ಲಿ ಆಲೂಗೆಡ್ಡೆ ಸಾಲಿನ ಮಧ್ಯೆ ನಿಂತು ಚಿಕ್ಕಪ್ಪ ಖುಷಿಯಿಂದ ಹೇಳಿದರು. ಹೊಡೆದದ್ದು ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ಅಂಗಡಿಯಲ್ಲಿ ಟಾನಿಕ್ ಅಂತ ಕೊಟ್ಟಿದ್ದರಂತೆ.

ಅದು ಟಾನಿಕ್ ಅಲ್ಲ. ಗಿಡಕ್ಕೆ ಊಟ ಕೊಡುವುದಿಲ್ಲ, ಬೆಳವಣಿಗೆಗೆ ಕಡಿವಾಣ ಹಾಕುತ್ತದೆ.

ಗಿಡ ತನ್ನೊಳಗೇ ಜಿಬ್ಬರೆಲಿನ್ ಎಂಬ ಹಾರ್ಮೋನು ಮಾಡಿಕೊಳ್ಳುತ್ತದೆ. ಕಾಂಡ ಉದ್ದವಾಗಲು, ಎಲೆ ಹರಡಿಕೊಳ್ಳಲು ಅದು ಬೇಕು. ಇದರ ಸುಳಿವು ಸಿಕ್ಕಿದ್ದು ಭತ್ತದಿಂದ. ಒಂದು ಜಾತಿಯ ಬೂಷ್ಟು ತಗುಲಿದ ಸಸಿಗಳು ಬಿಳಿಚಿಕೊಂಡು, ಸಣಕಲಾಗಿ, ಸರ್ರನೆ ಎತ್ತರಕ್ಕೆ ಹೋಗುತ್ತಿದ್ದವು. ಆ ಬೂಷ್ಟು ಬೆಳೆಸಿ ಸೋಸಿದ ನೀರು ಹಾಕಿದರೂ ಸಸಿ ಹಾಗೇ ಆಗುತ್ತದೆ ಎಂದು ಜಪಾನಿನ ಕುರೊಸಾವಾ 1926ರಲ್ಲಿ ತೋರಿಸಿದರು.

ಚಿಕ್ಕಪ್ಪನ ಹೊಲದಲ್ಲಿ ಆಗಿರುವುದು ಇದರ ಉಲ್ಟಾ. ಕ್ಲೋರ್‌ಮೆಕ್ವಾಟ್ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುತ್ತದೆ. ಅವರ ಗಿಡದ್ದೊಂದು ಎಲೆ ಕಿತ್ತು, ಬದುವಿನ ಪಕ್ಕ ಔಷಧಿ ಬೀಳದ ಗಿಡದ ಎಲೆ ಜೊತೆ ಇಟ್ಟು ನೋಡಿದೆ. ಇದು ಚಿಕ್ಕದು, ದಪ್ಪ, ಮುಟ್ಟಿದರೆ ಬಿರುಸು. ಗೆಣ್ಣುಗಳೂ ಒತ್ತೊತ್ತಾಗಿವೆ. ಎಲೆಯ ಜೀವಕೋಶಗಳು ಹಿಗ್ಗಲಿಲ್ಲ. ಹಾಗಾಗಿ ಇರುವ ಪತ್ರಹರಿತ್ತು ಕಡಿಮೆ ಜಾಗದಲ್ಲಿ ಒತ್ತಾಗಿ ಕೂತಿದೆ. ಕಣ್ಣಿಗೆ ಕರ್ರಗೆ ಕಾಣುವುದು ಮುಖ್ಯವಾಗಿ ಅದಕ್ಕೇ.

ಹಾಗಂತ ಪ್ರಯೋಜನವೇ ಇಲ್ಲ ಅಂತಲ್ಲ. ಜಿಬ್ಬರೆಲಿನ್ ಜಾಸ್ತಿ ಇದ್ದರೆ ಗೆಡ್ಡೆ ಕಟ್ಟುವುದು ತಡ. ಮಳೆ ಚೆನ್ನಾಗಿ ಹಿಡಿದು, ಯೂರಿಯಾ ಜಾಸ್ತಿಯಾಗಿ, ಗಿಡ ಬರೀ ಸೊಪ್ಪಿಗೆ ಹೋದಾಗ ಈ ಕಡಿವಾಣ ಕೆಲಸಕ್ಕೆ ಬರುತ್ತದೆ. ಮಳೆ ಕೈಕೊಟ್ಟು ಮೊದಲೇ ಕುಗ್ಗಿರುವ ಗಿಡಕ್ಕೆ ಯಾಕೆ? ಗೆಡ್ಡೆಗೆ ಇಳಿಯುವ ಹಿಟ್ಟಿನಂಶಕ್ಕೆ ಮೂಲ ಎಲೆಯೇ ಅಲ್ವಾ? ಎಲೆ ಹರಡದಿದ್ದರೆ ಬಿಸಿಲು ಹಿಡಿಯುವ ಜಾಗವೇ ಕಡಿಮೆ. ಇನ್ನೊಂದು ತೊಂದರೆ ಇದೆ. ಬಣ್ಣ ನೋಡಿ ಸಾರಜನಕ ಸಾಕೋ ಸಾಲದೋ ಅಂತ ಅಂದಾಜು ಮಾಡುವ ನಮ್ಮ ಲೆಕ್ಕ ಇಲ್ಲಿ ತಪ್ಪುತ್ತದೆ. ಅಂಗಮಾರಿ ರೋಗ ಬಂದರೂ ಕರ್ರಗಿನ ಎಲೆ ಅಂತ ಬಿಡುವುದಿಲ್ಲ.

ಬದುವಿನ ಪಕ್ಕದ ಸಾಲನ್ನು ಬೇರೆ ಕಿತ್ತು, ಬೇರೆ ತೂಕ ಹಾಕಿ ಅಂತ ಚಿಕ್ಕಪ್ಪನಿಗೆ ಹೇಳಿದ್ದೇನೆ. ಒಪ್ಪಿದ್ದಾರೆ.

ಬಾಟಲಿ ಮೇಲೆ ಪ್ಯಾಕ್ಲೊಬ್ಯುಟ್ರಜಾಲ್ ಅಂತ ಇದ್ದರೆ ಇನ್ನೂ ಹುಷಾರಾಗಿರಿ. ಮಾವಿಗೆ ಹೂ ಬರಿಸಲು ಬುಡಕ್ಕೆ ಹಾಕುತ್ತಾರಲ್ಲ, ಅದೇ. ಅದೂ ಜಿಬ್ಬರೆಲಿನ್ ತಡೆಯುವಂಥದ್ದೇ, ಆದರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಾವು ಆಲೂಗೆಡ್ಡೆ ಕಿತ್ತ ಹೊಲಕ್ಕೇ ರಾಗಿ ಹಾಕುವವರು. ಮಣ್ಣಿನಲ್ಲಿ ಉಳಿದದ್ದನ್ನು ರಾಗಿಯ ಬೇರೂ ಹೀರುತ್ತದೆ, ಪೈರು ಗಿಡ್ಡವಾಗಬಹುದು. ಸುಮ್ನೆ ಟಾನಿಕ್ ಅಂತ ಕೊಟ್ಟರೆ ತರಬೇಡಿ. ಒಳಗೆ ಏನಿದೆ ಅಂತ ಅಂಗಡಿಯಲ್ಲೇ ಓದಿಸಿಕೊಳ್ಳಿ.